ಬಾಲಿಯಲ್ಲಿ ಮನೆಮಂದಿಗೆಲ್ಲ ಒಂದು ವಿಲ್ಲಾ: ಬಾಡಿಗೆ ಮನೆ ನೋಡುವ ಕಣ್ಣಲ್ಲೇ ಹುಡುಕಿ

ನಾವು ಮೊದಲ ಸಲ ಬಾಲಿಗೆ ಹೊರಟಾಗ ವಿಲ್ಲಾದ ಫೋಟೊ ಮನೆಯ ಎಂಟೂ ಜನಕ್ಕೆ ಇಷ್ಟವಾಗಿತ್ತು. ಹುಲ್ಲಿನ ಮಾಡು, ನೀಲಿ ಈಜುಕೊಳ, ಅಂಚಿನಲ್ಲೊಂದು ದೇವಕಣಗಿಲೆ ಮರ. ಫೋಟೊದಲ್ಲಿ ಇಲ್ಲದಿದ್ದದ್ದು ದಾರಿ. ರಾತ್ರಿ ಡ್ರೈವರ್ ಒಂದು ಓಣಿಯ ಬಾಯಲ್ಲಿ ಕಾರು ನಿಲ್ಲಿಸಿ, ಇನ್ನು ಮುಂದಕ್ಕೆ ಸ್ಕೂಟರ್ ಮಾತ್ರ ಅಂದ. ಎಪ್ಪತ್ತೆರಡು ವರ್ಷದ ಅತ್ತೆ, ನಿದ್ದೆಗಣ್ಣಿನ ಇಬ್ಬರು ಮಕ್ಕಳು, ಆರು ಸೂಟ್‌ಕೇಸು, ಚಕ್ಕುಲಿ ಕೋಡುಬಳೆ ತುಂಬಿದ ಒಂದು ಬ್ಯಾಗು. ಮುನ್ನೂರು ಮೀಟರ್ ದಾರಿ, ಜಿಟಿಜಿಟಿ ಮಳೆ, ಒಂದು ಪಕ್ಕ ಗದ್ದೆಯ ಕಾಲುವೆ. ಅತ್ತೆ ಒಂದು ಮಾತೂ ಆಡಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡೋಕೆ ಹೋದರೆ ನಾವು ಏನೇನು ಕೇಳುತ್ತೇವೆ? ಕಾವೇರಿ ನೀರು ಬರುತ್ತಾ, ಬೋರ್ ಇದೆಯಾ, ಕಾರು ಎಲ್ಲಿ ನಿಲ್ಲಿಸೋದು, ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಾ, ಅಡ್ವಾನ್ಸ್ ಎಷ್ಟು ಹಿಡಿಯುತ್ತಾರೆ. ಅದೇ ನಾವು ವಿಲ್ಲಾ ಅಂದ ಕೂಡಲೇ ಈಜುಕೊಳದ ಬಣ್ಣ ನೋಡಿ ದುಡ್ಡು ಕಟ್ಟುತ್ತೇವೆ. ವಿಲ್ಲಾ ಎಂದರೆ ಹೋಟೆಲ್ ಅಲ್ಲ. ಕೆಳಗೆ ರಿಸೆಪ್ಷನ್ ಇರುವುದಿಲ್ಲ, ನಡುರಾತ್ರಿ ಕರೆಂಟು ಹೋದರೆ ಯಾರೂ ಓಡಿ ಬರುವುದಿಲ್ಲ. ಅದು ಐದು ದಿನದ ಬಾಡಿಗೆ ಮನೆ. ಹಾಗೆಯೇ ನೋಡಬೇಕು.

ಮೊದಲು ತಲೆ ಎಣಿಸಿ, ಆಮೇಲೆ ಮೊಣಕಾಲು ಎಣಿಸಿ

ಎಷ್ಟು ಬೆಡ್‌ರೂಮು ಎನ್ನುವುದು ಎರಡನೇ ಪ್ರಶ್ನೆ. ನಿಮ್ಮ ಗುಂಪಿನಲ್ಲಿ ಮೆಟ್ಟಿಲು ಹತ್ತಲಾಗದವರು ಯಾರು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವವರು ಯಾರು, ಈಜು ಬಾರದ ಮಗು ಯಾವುದು ಎನ್ನುವುದು ಮೊದಲನೆಯದು. ಬಾಲಿಯ ವಿಲ್ಲಾಗಳಲ್ಲಿ ಕೋಣೆಗಳು ಒಂದೇ ಸೂರಿನಡಿ ಇರಲೇಬೇಕೆಂದಿಲ್ಲ. ತೋಟದ ನಡುವೆ ಬಿಡಿ ಬಿಡಿ ಕಟ್ಟಡಗಳಿರುತ್ತವೆ. ನೋಡಲು ಚೆಂದ, ಆದರೆ ಮಳೆಯ ರಾತ್ರಿ ಅಪ್ಪ ಅಮ್ಮನ ಕೋಣೆಗೆ ಮಾತ್ರೆ ಕೊಡಲು ಹೋಗಬೇಕಾದರೆ ಜಾರುವ ಕಲ್ಲುಚಪ್ಪಡಿಯ ಮೇಲೆ ಕೊಡೆ ಹಿಡಿದು ನಡೆಯಬೇಕು. ಬಾತ್‌ರೂಮಿಗೆ ಸೂರೇ ಇಲ್ಲದಿರುವುದೂ ಉಂಟು. ಅದನ್ನು ಜಾಹೀರಾತಿನಲ್ಲಿ ಆಕಾಶ ನೋಡುತ್ತ ಸ್ನಾನ ಎಂದು ವರ್ಣಿಸಿರುತ್ತಾರೆ.

ಹಾಲ್ ಕೂಡ ಹಾಗೆಯೇ. ಮೂರು ಕಡೆ ಗೋಡೆಯಿಲ್ಲದ, ಎ.ಸಿ. ಹಾಕಲಾಗದ ಜಗಲಿಯಂಥ ಹಾಲ್ ಅಲ್ಲಿ ಸಾಮಾನ್ಯ. ಸಂಜೆ ಆರಕ್ಕೆ ಸೊಳ್ಳೆ ಬರುತ್ತವೆ, ಡೆಂಗಿ ಅಲ್ಲಿಯೂ ಇದೆ. ಪುಟ್ಟ ಮಕ್ಕಳಿದ್ದರೆ ಬಾಗಿಲು ಮುಚ್ಚಬಹುದಾದ ಹಾಲ್ ಇರುವ ಮನೆಯನ್ನೇ ಹುಡುಕಿ. ಕೆಳಗಿನ ಅಂತಸ್ತಿನಲ್ಲಿ ಬಾತ್‌ರೂಮ್ ಸಹಿತ ಒಂದು ಕೋಣೆ ಮತ್ತು ಮುಚ್ಚುವ ಹಾಲ್, ಈ ಎರಡು ಷರತ್ತು ಹಾಕಿದರೆ ನೂರು ವಿಲ್ಲಾಗಳ ಪಟ್ಟಿ ಇಪ್ಪತ್ತಕ್ಕೆ ಇಳಿಯುತ್ತದೆ. ಒಳ್ಳೆಯದೇ ಆಯಿತು.

ಯಾವಾಗ ಹೋಗುವುದು

ಸುಮಾರಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಕಾಲ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ಜುಲೈ-ಆಗಸ್ಟ್ ಮತ್ತು ಕ್ರಿಸ್‌ಮಸ್-ಹೊಸವರ್ಷದಲ್ಲಿ ಬಾಡಿಗೆ ಏರುತ್ತದೆ. ನಮ್ಮ ಬೇಸಿಗೆ ರಜೆಯೂ ದಸರಾ ರಜೆಯೂ ಈ ಎರಡು ದುಬಾರಿ ಕಾಲಕ್ಕೆ ಸಿಕ್ಕಿಕೊಳ್ಳದೆ ಒಣಕಾಲದಲ್ಲೇ ಬೀಳುವುದು ಕರ್ನಾಟಕದ ಶಾಲಾ ಮಕ್ಕಳ ಪುಣ್ಯ.

ಆದರೆ ಮಾರ್ಚ್‌ನಲ್ಲಿ ಹೋಗುವವರು ಪಂಚಾಂಗ ನೋಡಿ. ತಮಾಷೆಯಲ್ಲ. ಬಾಲಿಯ ಹಿಂದೂಗಳದ್ದೂ ಶಕವರ್ಷವೇ, ಅವರ ಹೊಸವರ್ಷದ ದಿನ ನ್ಯೆಪಿ, ಅಂದರೆ ಮೌನದ ದಿನ. ಅಧಿಕಮಾಸದ ಲೆಕ್ಕ ಬೇರೆಯಾದ ವರ್ಷ ನಮ್ಮ ಯುಗಾದಿಗೂ ಅದಕ್ಕೂ ತಿಂಗಳ ಅಂತರ ಬೀಳುತ್ತದೆ, ಉಳಿದಂತೆ ಎರಡೂ ಅಕ್ಕಪಕ್ಕವೇ. 2025ರಲ್ಲಿ ನ್ಯೆಪಿ ಮಾರ್ಚ್ 29, ಯುಗಾದಿ 30. 2026ರಲ್ಲಿ ಎರಡೂ ಮಾರ್ಚ್ 19. ಆ ದಿನ ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಬೀದಿಗೆ ಇಳಿಯುವಂತಿಲ್ಲ, ಹೊರಗೆ ಕಾಣುವಂತೆ ದೀಪ ಹಚ್ಚುವಂತಿಲ್ಲ, ಮೊಬೈಲ್ ಡೇಟಾ ಕೂಡ ನಿಲ್ಲುತ್ತದೆ. ಪೆಚಲಾಂಗ್ ಎಂಬ ಊರ ಕಾವಲಿನವರು ಗಸ್ತು ತಿರುಗುತ್ತಾರೆ. ಹೋಟೆಲಿನಲ್ಲಿದ್ದರೆ ಊಟ ಅಲ್ಲೇ ಸಿಗುತ್ತದೆ. ವಿಲ್ಲಾದಲ್ಲಿದ್ದರೆ ಹಿಂದಿನ ದಿನವೇ ಹಾಲು, ತರಕಾರಿ, ಕುಡಿಯುವ ನೀರು ತಂದಿಟ್ಟುಕೊಳ್ಳಬೇಕು, ಅಡುಗೆಯವರೂ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದು ಹೋದರೆ ಅದರಂಥ ದಿನ ಇನ್ನೊಂದಿಲ್ಲ. ಹಿಂದಿನ ಸಂಜೆ ಓಗೊಹ್-ಓಗೊಹ್ ಎಂಬ ದೈತ್ಯಾಕಾರದ ಬೊಂಬೆಗಳ ಮೆರವಣಿಗೆ, ಮರುರಾತ್ರಿ ಇಡೀ ದ್ವೀಪ ಕತ್ತಲು, ಮೇಲೆ ರಾಶಿ ರಾಶಿ ನಕ್ಷತ್ರ.

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ಇಂಡಿಗೊ 2024ರ ಮಾರ್ಚ್‌ನಲ್ಲಿ ನೇರ ವಿಮಾನ ಶುರು ಮಾಡಿತು, ಸುಮಾರು ಏಳು ಗಂಟೆಯ ಹಾದಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಟಿಕೆಟ್ ತೆಗೆಯುವ ಮೊದಲೇ ಇಳಿಯುವ ಹೊತ್ತನ್ನೂ ವಿಲ್ಲಾದ ಚೆಕ್-ಇನ್ ಹೊತ್ತನ್ನೂ ಹೊಂದಿಸಿ ನೋಡಿ. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರಕ್ಕೆ.

ಯಾವ ಊರು

ಎಲ್ಲರೂ ಮೊದಲು ಎಡವುವುದು ಇಲ್ಲೇ. ಇನ್‌ಸ್ಟಾಗ್ರಾಮಿನಲ್ಲಿ ಕಂಡ ಚಾಂಗು ಪಶ್ಚಿಮ ಕರಾವಳಿಯದು. ಅಲ್ಲಿ ಅಲೆ ದೊಡ್ಡದು, ಸೆಳೆತ ಜೋರು, ಅಂಥ ಸಮುದ್ರ ಬೇಕಾಗಿರುವುದು ಸರ್ಫಿಂಗ್ ಮಾಡುವವರಿಗೆ. ರಾತ್ರಿ ಬಾರ್‌ಗಳ ಸದ್ದು, ಹಗಲು ಸಿಲ್ಕ್ ಬೋರ್ಡ್ ನೆನಪಿಸುವ ಟ್ರಾಫಿಕ್. ಉಲುವಾಟು ಕಡೆ ಬಂಡೆಗಳ ನೆತ್ತಿಯಿಂದ ಕಡಲ ದಂಡೆಗೆ ಇಳಿಯಲು ಮೆಟ್ಟಿಲೋ ಮೆಟ್ಟಿಲು. ಉಬುದ್‌ನಲ್ಲಿ ಗದ್ದೆ, ತೊರೆ, ತಂಪು ಎಲ್ಲ ಇದೆ, ಕಡಲಿಲ್ಲ, ಮಂಗಗಳ ಕಾಟ ಇದೆ.

ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು ಕೂಡಿ ಹೋಗುವುದಾದರೆ ನನ್ನ ಓಟು ಸನೂರ್‌ಗೆ. ಪೂರ್ವದ ಕರಾವಳಿ, ದೂರದಲ್ಲಿ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ, ದಡದಲ್ಲಿ ನೀರು ಕೆರೆಯ ಹಾಗೆ. ಕಡಲಂಚಿಗೆ ಉದ್ದಕ್ಕೂ ಹಾಸುಗಲ್ಲಿನ ಕಾಲುದಾರಿ ಇದೆ, ಬೆಳಗ್ಗೆ ಆರಕ್ಕೆ ಸೂರ್ಯೋದಯ ನೋಡುತ್ತ ವಾಕಿಂಗ್ ಮಾಡುವ ಹಿರಿಯರಿಗೆ ಹೇಳಿ ಮಾಡಿಸಿದ್ದು. ಇಳಿತದ ಹೊತ್ತಿನಲ್ಲಿ ಮಾತ್ರ ನೀರು ಬಹಳ ಹಿಂದೆ ಸರಿಯುತ್ತದೆ, ಈಜಬೇಕಾದರೆ ಭರತದ ಹೊತ್ತು ನೋಡಿಕೊಳ್ಳಬೇಕು. ಹರೆಯದ ಹುಡುಗರು ಸನೂರ್ ಬೋರ್ ಅನ್ನುತ್ತಾರೆ, ಅದು ನಿಜ. ಏಳು ದಿನ ಇರುವುದಾದರೆ ನಾಲ್ಕು ರಾತ್ರಿ ಸನೂರ್, ಮೂರು ರಾತ್ರಿ ಉಬುದ್ ಎಂದು ಹಂಚಿಕೊಳ್ಳಿ. ಮೂರು ಕಡೆ ಬೇಡ. ಎಂಟು ಜನರ ಸಾಮಾನು ಕಟ್ಟುವುದರಲ್ಲೇ ಒಂದೊಂದು ದಿನ ಹೋಗುತ್ತದೆ.

ಪಟ್ಟಿ ಸೋಸುವ ಕೆಲಸ

ಬುಕಿಂಗ್ ತಾಣದಲ್ಲಿ ಐದಾರು ವಿಲ್ಲಾ ಆರಿಸಿಕೊಂಡ ಮೇಲೆ ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಓದಿ. ನಕ್ಷತ್ರ ನೋಡಬೇಡಿ, ಪದ ಹುಡುಕಿ: ಕನ್‌ಸ್ಟ್ರಕ್ಷನ್, ಸೊಳ್ಳೆ, ಕೋಳಿ, ವಾಸನೆ, ದಾರಿ. ಬಾಲಿಯಲ್ಲಿ ಗದ್ದೆಗಳು ದಿನ ಬೆಳಗಾದರೆ ವಿಲ್ಲಾ ಆಗುತ್ತಿವೆ. ಎರಡು ವರ್ಷದ ಹಿಂದಿನ ಫೋಟೊದಲ್ಲಿದ್ದ ಗದ್ದೆಯಲ್ಲಿ ಈಗ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿರಬಹುದು. ಕೋಳಿ ಅಂದದ್ದೂ ಸುಮ್ಮನಲ್ಲ. ಕಾಳಗದ ಹುಂಜಗಳನ್ನು ಬುಟ್ಟಿಯಡಿ ಸಾಕುವ ಮನೆಗಳು ಊರಲ್ಲಿ ಬೇಕಾದಷ್ಟಿವೆ, ಅವು ಬೆಳಗಿನ ಜಾವ ನಾಲ್ಕಕ್ಕೇ ಶುರು ಮಾಡುತ್ತವೆ.

ಆಮೇಲೆ ಫೋಟೊಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಅದೇ ಈಜುಕೊಳ ಮೂರು ಬೇರೆ ಹೆಸರಿನಲ್ಲಿ, ಮೂರು ಬೇರೆ ದರದಲ್ಲಿ ಕಂಡರೆ ಹುಷಾರು. ಒಂದೇ ವಿಲ್ಲಾವನ್ನು ಹಲವು ಏಜೆಂಟರು ಹಾಕಿರಬಹುದು, ಅಥವಾ ಯಾರೋ ಫೋಟೊ ಕದ್ದಿರಬಹುದು. ತಾಣದ ಹೊರಗೆ ನೇರವಾಗಿ ದುಡ್ಡು ಕಳಿಸಿದರೆ ಹದಿನೈದು ಪರ್ಸೆಂಟ್ ಕಡಿಮೆ ಮಾಡುತ್ತೇನೆ ಅಂದವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಮನೆ ಇಲ್ಲವೇ ಇಲ್ಲ ಎಂದು ಅಲ್ಲಿ ಹೋದ ಮೇಲೆ ಗೊತ್ತಾದರೆ ಆ ಹದಿನೈದು ಪರ್ಸೆಂಟ್ ಯಾವ ಲೆಕ್ಕ?

ಮ್ಯಾನೇಜರಿಗೆ ಕೇಳಬೇಕಾದ್ದು

ಇಲ್ಲಿ ಒಂದು ಗುಟ್ಟು. ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆ ಕೇಳಬೇಡಿ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಲು ಅವರಿಗೂ ಸಂಕೋಚ, ನಮ್ಮವರ 'ನೋಡೋಣ ಬಿಡಿ' ಇದ್ದ ಹಾಗೆ ಅಲ್ಲಿ 'ಬಿಸಾ' ಎಂಬ ಮಾತಿದೆ, ಆಗುತ್ತೆ ಎಂದರ್ಥ. ಕಾರು ಗೇಟಿನವರೆಗೆ ಬರುತ್ತಾ ಎಂದು ಕೇಳಿದ್ದಕ್ಕೆ ನನಗೆ ಬಂದ ಉತ್ತರವೂ ಬಿಸಾ ಎಂದೇ. ಬಂದದ್ದು ಸ್ಕೂಟರ್. ಆದ್ದರಿಂದ ಫೋಟೊ ಅಥವಾ ಅಂಕಿ ಬರುವಂಥ ಪ್ರಶ್ನೆ ಕೇಳಿ. ನಾನು ಈಗ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಪ್ರಶ್ನೆಗಳು ಹೀಗಿವೆ, ಒಂದು ಸಾಲಿಗೆ ಒಂದೇ:

- ಇನ್ನೋವಾ ಕಾರು ನಿಲ್ಲುವ ಜಾಗದಿಂದ ಬಾಗಿಲವರೆಗೆ ನಡೆಯುತ್ತ ಒಂದು ವಿಡಿಯೊ ಕಳಿಸಿ.
- ಈಜುಕೊಳದ ಅತಿ ಕಡಿಮೆ ಆಳ ಎಷ್ಟು, ಅತಿ ಹೆಚ್ಚು ಎಷ್ಟು?
- ಮನೆಯಿಂದ ಕೊಳಕ್ಕೆ ನಡುವೆ ಬಾಗಿಲು ಅಥವಾ ಬೇಲಿ ಇದ್ದರೆ ಫೋಟೊ ಕಳಿಸಿ.
- ಅಡುಗೆಮನೆಯ ಒಲೆ, ಪಾತ್ರೆ, ಫ್ರಿಜ್ ಎಲ್ಲ ಕಾಣುವಂತೆ ಫೋಟೊ ಬೇಕು.
- ಅಕ್ಕಪಕ್ಕದಲ್ಲಿ ಕಟ್ಟಡ ಕೆಲಸ ಎಷ್ಟು ದೂರದಲ್ಲಿ ನಡೆಯುತ್ತಿದೆ?
- ರಾತ್ರಿ ತೊಂದರೆಯಾದರೆ ಫೋನ್ ಎತ್ತುವವರು ಯಾರು, ಬರಲು ಎಷ್ಟು ನಿಮಿಷ?

ವಿಡಿಯೊ ಎರಡು ದಿನದಲ್ಲಿ ಬಂದರೆ ಆ ಮನೆ ನಡೆಸುವವರು ಕೆಲಸ ಮಾಡಿಕೊಡುವವರು ಎಂದರ್ಥ. ನಾಳೆ ನಾಳೆ ಎಂದು ಎಳೆದರೆ ಕೈಬಿಡಿ.

ಈಜುಕೊಳದ ಮಾತು ಇನ್ನೊಂದಿದೆ. ಬೇಲಿ ಇಲ್ಲದ, ಒಂದೇ ಸಮ ಒಂದೂವರೆ ಮೀಟರ್ ಆಳದ, ಹಾಲ್‌ನಿಂದ ಎರಡು ಹೆಜ್ಜೆ ದೂರದ ಕೊಳ ಅಲ್ಲಿ ತೀರಾ ಸಾಮಾನ್ಯ. ಐದು ವರ್ಷದೊಳಗಿನ ಮಗುವಿದ್ದರೆ ಇದು ವಿಲ್ಲಾದ ಅತಿ ದೊಡ್ಡ ಅಪಾಯ, ಸಮುದ್ರಕ್ಕಿಂತ ದೊಡ್ಡದು. ಬಾಲಿಯಲ್ಲಿ ತಾತ್ಕಾಲಿಕ ಬೇಲಿಯನ್ನು ಬಾಡಿಗೆಗೆ ತಂದು ಹಾಕಿಕೊಡುವವರಿದ್ದಾರೆ, ಮಗುವಿನ ಮಂಚ, ಕುರ್ಚಿ ಕೂಡ ಅವರಲ್ಲೇ ಸಿಗುತ್ತವೆ. ನೀವು ಹೋಗುವ ಮೊದಲೇ ಹಾಕಿಸಿಡಲು ಮ್ಯಾನೇಜರಿಗೆ ಹೇಳಿ. ಬೇಲಿ ಇದ್ದರೂ, ಮಕ್ಕಳು ನೀರಿನ ಹತ್ತಿರ ಇರುವಾಗ ಈ ಗಂಟೆಗೆ ಕಾವಲು ಯಾರು ಎಂದು ಒಬ್ಬರ ಹೆಸರು ಹೇಳಿಬಿಡಿ. ದೊಡ್ಡವರೆಲ್ಲ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ.

ದುಡ್ಡಿನ ಲೆಕ್ಕ

ಸೊನ್ನೆಗಳಿಗೆ ಹೆದರಬೇಡಿ. ಅಲ್ಲಿನ ದುಡ್ಡು ರುಪಿಯಾ, ಸಾವಿರಕ್ಕೆ ರಿಬು, ಹತ್ತು ಲಕ್ಷಕ್ಕೆ ಜುತಾ ಎನ್ನುತ್ತಾರೆ. ಒಂದು ಜುತಾ ರುಪಿಯಾ ಎಂದರೆ ನಮ್ಮ ಐದು ಸಾವಿರ ಚಿಲ್ಲರೆ ರೂಪಾಯಿ, ಇಷ್ಟು ನೆನಪಿಟ್ಟರೆ ಮಾರ್ಕೆಟ್ಟಿನಲ್ಲಿ ಸಾಕು. ಹೊರಡುವ ದಿನದ ದರ ಮಾತ್ರ ನೋಡಿಕೊಳ್ಳಿ.

ಹೆದರಬೇಕಾದ್ದು ದರದ ಪಕ್ಕದ ಎರಡು ಕೂಡು ಚಿಹ್ನೆಗೆ. 2.5 ಜುತಾ++ ಎಂದು ಬರೆದಿದ್ದರೆ ಸರ್ವಿಸ್ ಚಾರ್ಜು, ತೆರಿಗೆ ಇನ್ನೂ ಸೇರಿಲ್ಲ ಎಂದು. ಹತ್ತು ಪರ್ಸೆಂಟ್ ಸರ್ವಿಸ್, ಆ ಮೊತ್ತದ ಮೇಲೆ ಮತ್ತೆ ಹತ್ತು ಪರ್ಸೆಂಟ್ ತೆರಿಗೆ ಬಿದ್ದರೆ ಒಟ್ಟು 21 ಪರ್ಸೆಂಟ್ ಏರಿ 3.025 ಜುತಾ ಆಗುತ್ತದೆ, ಅಂದರೆ ರಾತ್ರಿಗೆ ಹದಿನಾರು ಸಾವಿರ ರೂಪಾಯಿಯ ಆಸುಪಾಸು. ಐದು ರಾತ್ರಿಗೆ ನೀವು ಮನಸ್ಸಿನಲ್ಲಿ ಹಾಕಿದ್ದಕ್ಕಿಂತ ಹನ್ನೆರಡು ಸಾವಿರಕ್ಕೂ ಮೇಲೆ ಜಾಸ್ತಿ. ಹೋಟೆಲು, ರೆಸ್ಟೊರೆಂಟ್ ಬಿಲ್ಲಿನಲ್ಲೂ ಇದೇ ಕಥೆ. ಡಿಪಾಸಿಟ್ ಎಷ್ಟು, ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ವಾಪಸು ಎಂಬುದನ್ನು ಬರಹದಲ್ಲೇ ತರಿಸಿಕೊಳ್ಳಿ. ಎಂಟು ಜನ ಹೋಗುವ ಕಡೆ ಆರು ಜನ ಎಂದು ಹಾಕಿ ಬಾಗಿಲಲ್ಲಿ ಜಗಳ ಮಾಡಬೇಡಿ, ಮಕ್ಕಳನ್ನೂ ಎಣಿಸಿ ಹೇಳಿ.

ಅಡುಗೆಮನೆ

ಇಷ್ಟು ದುಡ್ಡು ಕೊಟ್ಟು ವಿಲ್ಲಾ ಹಿಡಿಯುವುದೇ ಅಡುಗೆಮನೆಗಾಗಿ. ಮೂರನೇ ದಿನ ಸಂಜೆ ಯಾರಿಗಾದರೂ ತಿಳಿಸಾರು ಅನ್ನ ಬೇಕಾಗುತ್ತದೆ, ಅದು ಪ್ರಕೃತಿ ನಿಯಮ.

ಅಲ್ಲಿ ಸಿಗುವುದು: ಒಳ್ಳೆಯ ಅಕ್ಕಿ, ತೆಂಗು, ಬಾಳೆಹಣ್ಣು, ಬಾಳೆ ಎಲೆ, ಬದನೆ, ಹುರುಳಿಕಾಯಿ, ಹಸಿಮೆಣಸು, ಶುಂಠಿ. ನುಗ್ಗೆಸೊಪ್ಪು ಕೂಡ ಸಿಗುತ್ತದೆ, ಕೆಲೊರ್ ಎಂದು ಕೇಳಿ, ಬಾಲಿಯವರು ಅದರದ್ದೊಂದು ತಿಳಿಯಾದ ಸಾರು ಮಾಡುತ್ತಾರೆ. ಸುಲಭಕ್ಕೆ ಸಿಗದ್ದು ತೊಗರಿಬೇಳೆ ಮತ್ತು ಪ್ರೆಷರ್ ಕುಕ್ಕರ್. ಎರಡು ಕೇಜಿ ಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಒಗ್ಗರಣೆ ಡಬ್ಬಿ, ಮೂರು ಲೀಟರಿನ ಒಂದು ಕುಕ್ಕರು, ಅದರೊಳಗೇ ಉಪ್ಪಿನಕಾಯಿ ಬಾಟಲಿ ಸುತ್ತಿಟ್ಟರೆ ಜಾಗವೂ ಉಳಿಯಿತು. ಪ್ಯಾಕ್ ಮಾಡಿದ ಒಣ ಸಾಮಾನೇ ಒಯ್ಯಿರಿ, ಕಸ್ಟಮ್ಸ್ ಫಾರಂನಲ್ಲಿ ತಿನ್ನುವ ಪದಾರ್ಥ ಇದೆ ಎಂದು ಹೇಳಿಬಿಡಿ. ಹಸಿ ಕರಿಬೇವು, ಹಣ್ಣು ಬೇಡ. ಒಣಕೊಬ್ಬರಿಯನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ, ಅದು ಬೆಂಕಿ ಹತ್ತುವ ಪದಾರ್ಥವೆಂಬ ಲೆಕ್ಕ. ಸಿಂಗಪುರದ ಮೂಲಕ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ, ಅಲ್ಲಿ ಅದು ನಿಷಿದ್ಧ. ಪಾಯಸ ಊರಿಗೆ ಬಂದು ಮಾಡಿಕೊಳ್ಳಬಹುದು.

ಅಡುಗೆಗೆ ಸ್ಥಳೀಯ ಹೆಂಗಸೊಬ್ಬರನ್ನು ಮ್ಯಾನೇಜರ್ ಒದಗಿಸಿಕೊಡುತ್ತಾರೆ. ಸಾಮಾನಿನ ದುಡ್ಡು ಬೇರೆ, ಅಡುಗೆಯ ಕೂಲಿ ಬೇರೆ. ಸಸ್ಯಾಹಾರಿಗಳು ವೆಜಿಟೇರಿಯನ್ ಅಂದರೆ ಸಾಲದು. ತೆರಾಸಿ ಎಂಬ ಸಿಗಡಿಯ ಹಿಂಡಿ ಅಲ್ಲಿನ ಚಟ್ನಿ, ಪಲ್ಯ ಎಲ್ಲಕ್ಕೂ ಬೀಳುತ್ತದೆ, ನಮ್ಮ ಒಗ್ಗರಣೆಗೆ ಇಂಗು ಬಿದ್ದ ಹಾಗೆ. ಅದನ್ನು ಅವರು ಮಾಂಸ ಎಂದು ಎಣಿಸುವುದೇ ಇಲ್ಲ. 'ತಾನ್‌ಪಾ ತೆರಾಸಿ, ತಾನ್‌ಪಾ ತೆಲುರ್' ಎಂದು ಹೇಳಿ, ಸಿಗಡಿ ಹಿಂಡಿ ಬೇಡ, ಮೊಟ್ಟೆ ಬೇಡ ಎಂದು. ತಟ್ಟೆಯ ಅಂಚಿನ ಹಪ್ಪಳದಲ್ಲೂ ಸಿಗಡಿ ಇರಬಹುದು, ನಮ್ಮ ಮಾವ ಅದನ್ನು ಎರಡು ದಿನ ಚಪ್ಪರಿಸಿ ತಿಂದರು. ನಾವು ಇವತ್ತಿಗೂ ಹೇಳಿಲ್ಲ.

ನಲ್ಲಿ ನೀರು ಕುಡಿಯುವಂತಿಲ್ಲ, ಹಲ್ಲುಜ್ಜಲೂ ಬೇಡ. 19 ಲೀಟರಿನ ಕ್ಯಾನ್ ಬರುತ್ತದೆ. ಎಂಟು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೊಂದು ಬೇಕೇ ಬೇಕು. ಬಾಡಿಗೆಯಲ್ಲಿ ಎಷ್ಟು ಕ್ಯಾನ್ ಸೇರಿದೆ ಕೇಳಿ.

ಕಾಗದ ಪತ್ರ

ಭಾರತೀಯರಿಗೆ ಇಳಿದ ಮೇಲೆ ಸಿಗುವ ವೀಸಾ ಇದೆ, 30 ದಿನಕ್ಕೆ, ತಲೆಗೆ 5 ಲಕ್ಷ ರುಪಿಯಾ. ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಂಡರೆ ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿ ಇರಬೇಕು, ಎಳೆ ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ, ಅದನ್ನೇ ಎಲ್ಲರೂ ಮರೆಯುವುದು. 2024ರ ಫೆಬ್ರುವರಿ 14ರಿಂದ ಬಾಲಿ ಪ್ರಾಂತ್ಯ ಪ್ರತಿ ವಿದೇಶಿ ಪ್ರವಾಸಿಗೆ 1.5 ಲಕ್ಷ ರುಪಿಯಾ ಶುಲ್ಕ ಹಾಕಿದೆ, ಅದು ವೀಸಾದಿಂದ ಬೇರೆ. ಇಡೀ ಕುಟುಂಬಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಹಿರಿಯರ ಬಿಪಿ, ಶುಗರ್ ಮುಚ್ಚಿಡದೆ ಬರೆಸಿ.

ಬಾಗಿಲು ತೆರೆದ ಮೊದಲ ಗಂಟೆ

ಮಕ್ಕಳು ಬಟ್ಟೆ ಬಿಚ್ಚಿ ಕೊಳಕ್ಕೆ ಧುಮುಕುವ ಮೊದಲು ಫೋನ್ ತೆಗೆದು ಎಲ್ಲ ಕೋಣೆಯ ವಿಡಿಯೊ ಮಾಡಿ. ಒಡೆದ ಟೈಲ್ಸ್, ಕಲೆಯಾದ ಸೋಫಾ, ಬಿರುಕು ಬಿಟ್ಟ ಕನ್ನಡಿ ಎಲ್ಲ ಅದರಲ್ಲಿ ಬರಲಿ, ಆಗಲೇ ಮ್ಯಾನೇಜರಿಗೆ ಕಳಿಸಿ. ಎಲ್ಲ ನಲ್ಲಿ, ಗೀಸರ್, ಎ.ಸಿ., ಬೀಗ ಒಮ್ಮೆ ತಿರುಗಿಸಿ ನೋಡಿ.

ಆಮೇಲೆ ಕರೆಂಟ್ ಮೀಟರ್ ಎಲ್ಲಿದೆ ಎಂದು ತೋರಿಸಿಕೊಳ್ಳಿ. ಬಹಳ ಮನೆಗಳಲ್ಲಿ ಅದು ಮೊಬೈಲ್ ರೀಚಾರ್ಜಿನ ಹಾಗೆ. ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಮೀಟರಿನ ಗುಂಡಿ ಒತ್ತಿ ತುಂಬಬೇಕು. ಯೂನಿಟ್ ಮುಗಿಯುತ್ತ ಬಂದರೆ ಮೀಟರು ಕೀಂ ಕೀಂ ಎಂದು ಕೂಗುತ್ತದೆ. ಎರಡನೇ ರಾತ್ರಿ ನಮ್ಮಲ್ಲಿ ಕೂಗಿತು. ಅದು ಯಾವುದೋ ಹುಳವೆಂದು ಒಂದು ಗಂಟೆ ಹುಡುಕಿದೆವು, ಒಂದೂವರೆಗೆ ಎ.ಸಿ. ನಿಂತಿತು. ಮೂರು ಎ.ಸಿ., ಗೀಸರ್, ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವುದೂ ಉಂಟು. ಸಾಕೆಟ್ ದುಂಡು ಎರಡು ಪಿನ್ನಿನದು. ನಮ್ಮ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಕೂರುತ್ತದೆ, ದಪ್ಪ ಮೂರು ಪಿನ್ನಿನದು ಕೂರುವುದಿಲ್ಲ.

ಬೆಳಗ್ಗೆ ಮನೆಗೆಲಸದವರು ಬಾಗಿಲಲ್ಲಿ, ಕೊಳದ ಅಂಚಿನಲ್ಲಿ ಪುಟ್ಟ ಗರಿಯ ತಟ್ಟೆ ಇಡುತ್ತಾರೆ: ಹೂವು, ಅನ್ನ, ಊದಿನಕಡ್ಡಿ. ಅದು ಚಾನಾಂಗ್ ಸಾರಿ, ದಿನದ ನೈವೇದ್ಯ. ದಾಟುವಾಗ ತುಳಿಯದಂತೆ ಮಕ್ಕಳಿಗೆ ಮೊದಲ ದಿನವೇ ಹೇಳಿ. ಕೆಲಸದವರ ಹೆಸರು ವಯಾನ್ ಎಂದಾದರೆ ಮೊದಲ ಮಗು, ಮಾದೆ ಎರಡನೆಯದು, ನ್ಯೋಮಾನ್ ಮೂರನೆಯದು, ಕೆತುತ್ ನಾಲ್ಕನೆಯದು. ಊರಿಗೆಲ್ಲ ಇವೇ ಹೆಸರು. ಡ್ರೈವರಿಗೆ ವಯಾನ್‌ನನ್ನು ಕೇಳು ಎಂದು ಹೇಳಿ ಕಳಿಸಿದರೆ ಸಂಜೆಯವರೆಗೂ ಬರಲಿಕ್ಕಿಲ್ಲ. ನಂಬರ್ ಕೊಡಿ.

ಓಡಾಟಕ್ಕೆ ದಿನಬಾಡಿಗೆಯ ಕಾರು ಮತ್ತು ಡ್ರೈವರ್ ಗೊತ್ತು ಮಾಡಿಕೊಳ್ಳುವುದೇ ವಾಸಿ. ಸ್ಕೂಟರ್ ಅಗ್ಗ, ಆದರೆ ದ್ವಿಚಕ್ರದ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ಇನ್ಶೂರೆನ್ಸ್ ಕೈಕೊಡುತ್ತದೆ. ನಾಯಿ, ಮಂಗಗಳನ್ನು ಮುದ್ದು ಮಾಡಲು ಬಿಡಬೇಡಿ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಪರಚಿದರೂ ಸರಿ, ಕಾಲು ಗಂಟೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಿ.

ಹೊರಡುವ ದಿನ

ಚೆಕ್-ಔಟ್ ಬೆಳಗ್ಗೆ ಹನ್ನೊಂದಕ್ಕೆ, ವಿಮಾನ ರಾತ್ರಿಗೆ ಎಂದಾದರೆ ಆ ಹತ್ತು ಗಂಟೆ ಹಿರಿಯರಿಗೆ ನರಕ. ಬುಕ್ ಮಾಡುವಾಗಲೇ ಸಂಜೆಯವರೆಗೆ ಇರಲು ಅರ್ಧ ದಿನದ ಬಾಡಿಗೆ ಎಷ್ಟು ಎಂದು ಕೇಳಿಟ್ಟುಕೊಳ್ಳಿ. ಅದೇ ದಿನ ಬೇರೆ ಗಿರಾಕಿ ಇಲ್ಲದಿದ್ದರೆ ಒಪ್ಪುತ್ತಾರೆ. ಹೊರಡುವ ಮೊದಲು ಮತ್ತೊಂದು ವಿಡಿಯೊ ಮಾಡಿ, ಡಿಪಾಸಿಟ್ ನಗದಾಗಿ ಕೊಟ್ಟಿದ್ದರೆ ಕಾರು ಹತ್ತುವ ಮುಂಚೆಯೇ ಎಣಿಸಿಕೊಳ್ಳಿ. ಉಳಿದ ಬೇಳೆಯನ್ನು ನಾವು ಅಡುಗೆಯ ಇಬುಗೆ, ಅಂದರೆ ಅಡುಗೆಯ ಅಮ್ಮನಿಗೆ, ಕೊಟ್ಟೆವು. ಕುಕ್ಕರಿನ ಮೂರನೇ ಸೀಟಿಗೂ ಬೆಚ್ಚಿ ಹಿಂದೆ ಸರಿಯುತ್ತಿದ್ದ ಆಕೆ ಕುಕ್ಕರನ್ನೂ ಕೊಡುತ್ತೀರಾ ಎಂದು ಕೇಳಿದರು. ಅತ್ತೆ ಕೊಟ್ಟೇಬಿಟ್ಟರು.